ದಾವಣಗೆರೆಯಿಂದ ಮಲ್ಪೆಗೆ ಹೋಗಿ ಕೇದರ ಹಿಡಿದೆವು: ಮೀನು ಸಿಕ್ಕಿತು, ಐಸ್ ಸಾಲಲಿಲ್ಲ

ಗಾಳದ ಗೆಳೆಯ, ದಾವಣಗೆರೆ

ಹೋದ ಜನವರಿಯಲ್ಲಿ ನಾಲ್ಕು ಜನ ಗೆಳೆಯರು ಸೇರಿ ಮಲ್ಪೆಯಿಂದ ಕಡಲಿಗೆ ಹೋಗಿದ್ದೆವು, ಕೇದರ ಹಿಡಿಯಲು. ಕೇದರ ಅಂದರೆ ಟ್ಯೂನ. ಬಂದ ತಕ್ಷಣ ಇಲ್ಲಿ ಬರೆಯಬೇಕು ಅಂತಿದ್ದೆ. ಆದರೆ ಮಾರನೇ ದಿನ ಮನೆಯಲ್ಲಿ ಆಗಿದ್ದು ನೋಡಿ ಮನಸ್ಸೇ ಬರಲಿಲ್ಲ. ಈಗ ಎಲ್ಲರೂ ಆರಾಮಾಗಿದ್ದಾರೆ. ನಮ್ಮ ಕಡೆ ಹುಡುಗರು ಈಗೀಗ ಜಾಸ್ತಿ ಕಡಲ ಕಡೆ ಹೋಗುತ್ತಿದ್ದಾರೆ. ಅವರಿಗೆ ಗೊತ್ತಿರಲಿ ಅಂತ ಏನೂ ಬಿಡದೆ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಓದಿ.

ನಾವು ನಾಲ್ವರೂ ಸಿಹಿನೀರಿನವರು. ಸೂಳೆಕೆರೆ, ಹರಿಹರದ ಹೊಳೆ, ಭದ್ರಾ ನಾಲೆ. ರಾಗಿ ಹಿಟ್ಟಿನ ಉಂಡೆ ಕಟ್ಟಿ, ಗಾಳ ಬಿಟ್ಟು, ಬೆಂಡು ಮುಳುಗುವವರೆಗೆ ಕೂರುವವರು. ಒಬ್ಬನದು ಗ್ಯಾರೇಜು, ಒಬ್ಬನದು ಬಟ್ಟೆ ಅಂಗಡಿ, ಒಬ್ಬರು ಹೈಸ್ಕೂಲ್ ಮೇಷ್ಟ್ರು. ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುತ್ತೇನೆ.

ಶನಿವಾರ ಅಂಗಡಿ ಬಾಗಿಲು ಹಾಕಿಕೊಂಡು ರಾತ್ರಿ ಹತ್ತಕ್ಕೆ ಹೊರಟೆವು. ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ. ಒಂದು ಚೀಲ ಖಾರ ಮಂಡಕ್ಕಿ ಜೊತೆಗಿತ್ತು, ಶಿವಮೊಗ್ಗ ದಾಟುವ ಹೊತ್ತಿಗೆ ಖಾಲಿ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಮಂಜು ಎಷ್ಟಿತ್ತೆಂದರೆ ಗ್ಯಾರೇಜಿನ ಗೆಳೆಯ ಗಾಜು ಇಳಿಸಿ ತಲೆ ಹೊರಗೆ ಹಾಕಿ ಓಡಿಸಿದ.

ಬೆಳಗಿನ ಜಾವ ನಾಲ್ಕಕ್ಕೆ ಮಲ್ಪೆ ದಕ್ಕೆ, ಅಂದರೆ ಬೋಟು ನಿಲ್ಲುವ ಕಟ್ಟೆ. ಐಸ್ ಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ಬುಟ್ಟಿ ಹಿಡಿದು ಓಡಾಡುವ ಹೆಂಗಸರು, ಡೀಸೆಲ್ ವಾಸನೆ. ನಮ್ಮ ಎಪಿಎಂಸಿ ಹರಾಜು ಅದರ ಮುಂದೆ ಏನೂ ಅಲ್ಲ. ಫೋನಿನಲ್ಲಿ ಮಾತಾಡಿದ ಬೋಟಿನ ಮಾಲೀಕರು "ಐಸು, ಜಾಕೆಟ್ಟು ಎಲ್ಲ ನಮ್ಮದೇ, ನೀವು ಸುಮ್ನೆ ಬನ್ನಿ" ಅಂದಿದ್ದರು. ಹೋಗಿ ನೋಡಿದರೆ ನಾಲ್ಕು ಜನಕ್ಕೆ ಎರಡು ಲೈಫ್ ಜಾಕೆಟ್. ಐಸು ಒಂದು ಥರ್ಮಾಕೋಲ್ ಡಬ್ಬಿಯಲ್ಲಿ, ಹತ್ತು ಕೆಜಿ ಇದ್ದರೆ ಹೆಚ್ಚು. ಅಲ್ಲೇ ನಿಂತು ಕೇಳಬೇಕಿತ್ತು. ಕಡಲಿಗೆ ಇಳಿಯುವ ಆಸೆಯಲ್ಲಿ ಕೇಳಲಿಲ್ಲ.

ಬೋಟು ನಡೆಸಿದ ತಾಂಡೇಲರು ಮಾತ್ರ ಬಂಗಾರದಂಥ ಮನುಷ್ಯ. ಅರವತ್ತರ ಆಸುಪಾಸು. ಫೈಬರ್ ನಾಡದೋಣಿ, ಹಿಂದೆ ಔಟ್‌ಬೋರ್ಡ್ ಇಂಜಿನ್. ಸೇಂಟ್ ಮೇರಿಸ್ ದ್ವೀಪ ದಾಟುವಾಗ ಇನ್ನೂ ಕತ್ತಲೆ. ಸೂರ್ಯ ಹುಟ್ಟಿದ್ದು ನಮ್ಮ ಬೆನ್ನ ಹಿಂದೆ, ಘಟ್ಟದ ಮೇಲೆ. ಆ ಘಟ್ಟದ ಆಚೆ ನಮ್ಮೂರು. ಕಡಲಿನಿಂದ ನೋಡಿದರೆ ಘಟ್ಟ ಒಂದು ನೀಲಿ ಗೆರೆ, ಅಷ್ಟೇ.

ದಡದಿಂದ ಸುಮಾರು 25 ಕಿಲೋಮೀಟರ್ ಹೋದೆವು. ತಾಂಡೇಲರು ನೀರು ನೋಡಲಿಲ್ಲ, ಆಕಾಶ ನೋಡುತ್ತಿದ್ದರು. ಒಂದು ಕಡೆ ಬಿಳಿ ಹಕ್ಕಿಗಳು ಗುಂಪಾಗಿ ಮೇಲಿಂದ ಕೆಳಕ್ಕೆ ಬೀಳುತ್ತಿದ್ದವು. "ಅಲ್ಲಿ" ಅಂದರು. ಹತ್ತಿರ ಹೋದಾಗ ಕಂಡದ್ದನ್ನು ನಾನು ಮರೆಯುವುದಿಲ್ಲ. ಒಕ್ಕಣೆ ಕಣದಷ್ಟು ಅಗಲ ನೀರು ಎಸರಿಟ್ಟ ಹಾಗೆ ಕುದಿಯುತ್ತಿತ್ತು. ಮೇಲೆ ಬೆರಳುದ್ದದ ಮೀನು ಚಿಮ್ಮುತ್ತಿದ್ದವು, ಕೆಳಗಿಂದ ಕೇದರ ಹೊಡೆಯುತ್ತಿತ್ತು, ಮೇಲಿಂದ ಹಕ್ಕಿ. ಬೋಟನ್ನು ಗುಂಪಿನ ಮೇಲೆ ಬಿಡಲಿಲ್ಲ. ದೂರದಲ್ಲೇ ಸುತ್ತು ಹಾಕಿ, ಗುಂಪು ಬರುವ ದಾರಿಯಲ್ಲಿ ಇಂಜಿನ್ ಬಂದ್ ಮಾಡಿದರು. "ಈಗ ಹಾಕಿ, ಜೋರಾಗಿ ಸುತ್ತಿ" ಅಂದರು.

ಮೊದಲು ಹಿಡಿದದ್ದು ಮೇಷ್ಟ್ರಿಗೆ. ಸೂಳೆಕೆರೆಯಲ್ಲಿ ಐದು ಕೆಜಿ ಕಾಟ್ಲ ಎಳೆದ ಕೈ ಅದು. ಕೇದರ ಎರಡೂವರೆ ಕೆಜಿ. ಆದರೂ ಮೇಷ್ಟ್ರು ಬೋಟಿನ ಅಂಚಿಗೆ ಮೊಣಕಾಲು ಕೊಟ್ಟು ನಿಲ್ಲಬೇಕಾಯಿತು. ಕಾಟ್ಲ ಜಗ್ಗುತ್ತದೆ, ಕೇದರ ಓಡುತ್ತದೆ. ನೇರ ಕೆಳಕ್ಕೆ. ರೀಲು ಚೀರಿಕೊಂಡು ದಾರ ಹೋಗುತ್ತಲೇ ಇರುತ್ತದೆ. ನನ್ನ ಕೆರೆ ರೀಲಿನಲ್ಲಿದ್ದ ದಾರ ಪೂರ್ತಿ ಖಾಲಿಯಾಗಿ ಬುಡದಲ್ಲೇ ಕಿತ್ತಿತು.

ಮೀನು ಮೇಲೆ ಬಂದಾಗ ಎಲ್ಲರೂ ಬಗ್ಗಿ ನೋಡಿದೆವು. ಬೆನ್ನು ಕಡುನೀಲಿ, ಅದರ ಮೇಲೆ ಓರೆ ಗೆರೆಗಳು. ಹೊಟ್ಟೆ ಬೆಳ್ಳಿ. ಎದೆಯ ರೆಕ್ಕೆ ಕೆಳಗೆ ನಾಲ್ಕು ಕಪ್ಪು ಚುಕ್ಕೆ, ಯಾರೋ ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಒತ್ತಿದ ಹಾಗೆ. ಬಾಲ ಫೈಬರ್ ನೆಲಕ್ಕೆ ಬಡಿಯುವ ಸದ್ದು ಎಷ್ಟು ಬೇಗ ಅಂದರೆ ಬಡಿತ ಎಣಿಸಲು ಆಗುವುದಿಲ್ಲ. ಕೈಯಲ್ಲಿ ಹಿಡಿದಾಗ ಇನ್ನೊಂದು ಆಶ್ಚರ್ಯ. ಮೈ ಬೆಚ್ಚಗಿತ್ತು. ಮೀನಿನ ಮೈ ಬೆಚ್ಚಗಿದ್ದದ್ದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಐದು ನಿಮಿಷದಲ್ಲಿ ನೀಲಿ ಮಾಸಿ ಬೂದಿ ಬಣ್ಣಕ್ಕೆ ತಿರುಗಿತು.

ಬಟ್ಟೆ ಅಂಗಡಿ ಗೆಳೆಯನಿಗೆ ಏಳು ಗಂಟೆಯಿಂದ ವಾಂತಿ. ಪಾಪ, ಗಾಳ ಮುಟ್ಟಲೇ ಇಲ್ಲ. ಆದರೆ ಅವನೇ ಮೊದಲು ಕಡಲಾಮೆ ನೋಡಿದ್ದು. ಹರಿದ ಬಲೆಯ ತುಂಡು ಕುತ್ತಿಗೆಗೂ ಮುಂಗಾಲಿಗೂ ಸುತ್ತಿಕೊಂಡು ತೇಲುತ್ತಿತ್ತು. ತಾಂಡೇಲರು ಗುಂಪು ಬಿಟ್ಟು ಬೋಟು ತಿರುಗಿಸಿದರು. ಮಡಿಲಲ್ಲಿ ಕೂಸು ಮಲಗಿಸಿಕೊಂಡ ಹಾಗೆ ಅದನ್ನು ಅಂಚಿಗೆ ಒರಗಿಸಿಕೊಂಡು ಒಂದೊಂದೇ ಎಳೆ ಕತ್ತರಿಸಿದರು. ಕಾಲು ಗಂಟೆ ಹಿಡಿಯಿತು. ಬಿಟ್ಟ ಕೂಡಲೇ ಒಂದೇ ಸಲಕ್ಕೆ ಮುಳುಗಿ ಹೋಯಿತು.

ಹನ್ನೊಂದು ಗಂಟೆಗೆ ಹನ್ನೊಂದು ಕೇದರ. ಎಲ್ಲ ಸೇರಿ ಮೂವತ್ತು ಕೆಜಿ. ತಪ್ಪು ಆಗಿದ್ದು ಇಲ್ಲಿ. ಡಬ್ಬಿಯಲ್ಲಿ ಹಿಡಿದದ್ದು ನಾಲ್ಕು. ಉಳಿದ ಏಳನ್ನು ಒದ್ದೆ ಗೋಣಿಚೀಲ ಮುಚ್ಚಿ ಬೋಟಿನಲ್ಲೇ ಮಲಗಿಸಿದೆವು. ತಾಂಡೇಲರು ಎರಡು ಸಲ "ಇನ್ನು ಸಾಕು" ಅಂದಿದ್ದರು. ನಾವು "ಇನ್ನೊಂದು, ಇನ್ನೊಂದು" ಅಂತಲೇ ಇದ್ದೆವು. ದಡ ಸೇರಿದ್ದು ಒಂದು ಗಂಟೆಗೆ. ಅಷ್ಟರಲ್ಲಿ ಮೊದಲು ಹೊರಗಿಟ್ಟ ಮೀನು ಮೂರು ಗಂಟೆ ಕಾಲ ಬಿಸಿಲಿನಲ್ಲಿ ಇದ್ದ ಹಾಗಾಗಿತ್ತು. ಆಮೇಲೆ ದಕ್ಕೆಯಲ್ಲಿ ಐಸ್ ತುಂಬಿಸಿಕೊಂಡು ರಾತ್ರಿ ಎಂಟಕ್ಕೆ ಊರು ಮುಟ್ಟಿದೆವು. ಮೀನು ನೋಡಲು ಚೆನ್ನಾಗೇ ಇತ್ತು. ವಾಸನೆಯೂ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಗ್ಯಾರೇಜಿನ ಗೆಳೆಯನ ಮನೆಯಲ್ಲಿ ಸಾರು, ಫ್ರೈ ಎರಡೂ. ಊಟ ಮುಗಿದು ಅರ್ಧ ಗಂಟೆ ಆಗಿರಲಿಲ್ಲ, ಅವನ ಮುಖ, ಕುತ್ತಿಗೆ ಕೆಂಪಗೆ ಕಾದ ಹಂಚಿನ ಹಾಗಾಯಿತು. ತಲೆ ಸಿಡಿತ, ಎದೆ ಡವಡವ. ಅವರ ಅಮ್ಮನಿಗೂ ಹಾಗೇ. ಅವರಿಗೆ 68 ವರ್ಷ. ನಮಗೆ ಜೀವ ಬಾಯಿಗೆ ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಇಂಜೆಕ್ಷನ್ ಕೊಟ್ಟರು, ರಾತ್ರಿ ಹೊತ್ತಿಗೆ ಇಳಿಯಿತು. ಡಾಕ್ಟರು ಮೊದಲು ಕೇಳಿದ ಪ್ರಶ್ನೆ: "ಮೀನು ಎಷ್ಟು ಹೊತ್ತು ಐಸ್ ಇಲ್ಲದೆ ಇತ್ತು?"

ಆ ಏಳು ಮೀನಿನಲ್ಲಿ ಉಳಿದ ಐದನ್ನು ಗುಂಡಿ ತೋಡಿ ಹೂತೆವು. ಹದಿಮೂರು ಕೆಜಿ ಹತ್ತಿರ. ಆ ಗುಂಡಿ ಮುಚ್ಚುವಾಗ ಆದ ಬೇಜಾರು ಇನ್ನೂ ಹೋಗಿಲ್ಲ.

ಗೊತ್ತಿರುವವರು ಹೇಳಿ. ನಾವು ಎಲ್ಲೆಲ್ಲಿ ಎಡವಿದೆವು?

ಮಲ್ಪೆ ಮನೆ, ದಾವಣಗೆರೆ ಕೆಲಸ

ಅಣ್ಣಾ, ಹೂತೆವು ಅಂತ ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ನಮ್ಮ ಅಪ್ಪ ನಲವತ್ತು ವರ್ಷ ಕಡಲಿಗೆ ಹೋದವರು. ಒಂದು ಕೇದರ ಹಾಳಾದರೂ ಆ ದಿನ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಬೈಯುತ್ತಿಲ್ಲ. ನೀವು ಮುಚ್ಚಿಡದೆ ಬರೆದಿರಿ, ಹಾಗಾಗಿ ನಾನೂ ಗೊತ್ತಿದ್ದದ್ದು ಹೇಳುತ್ತೇನೆ.

ಮೊದಲು ಮೀನು ಯಾವುದು ಅಂತ. ಎದೆ ರೆಕ್ಕೆ ಕೆಳಗೆ ಕಪ್ಪು ಚುಕ್ಕೆ, ಬೆನ್ನ ಮೇಲೆ ಓರೆ ಗೆರೆ ಅಂದರೆ ಅದು ದಡದ ಹತ್ತಿರ ಓಡಾಡುವ ಚಿಕ್ಕ ಟ್ಯೂನ. ನಮ್ಮ ಕಡೆ ಕೇದರ ಅಂದರೆ ಮೊದಲು ನೆನಪಿಗೆ ಬರೋದೇ ಅದು. ಹೊಟ್ಟೆ ಮೇಲೆ ಉದ್ದುದ್ದ ನಾಲ್ಕಾರು ಗೆರೆ ಇದ್ದರೆ ಅದು ಸ್ಕಿಪ್‌ಜಾಕ್, ಬೇರೆ ಜಾತಿ. ಇನ್ನು ಟಿವಿಯಲ್ಲಿ ತೋರಿಸುವ ಆಳೆತ್ತರದ ಹಳದಿ ರೆಕ್ಕೆ ಟ್ಯೂನ, 200 ಕೆಜಿವರೆಗೂ ಬೆಳೆಯುತ್ತದಲ್ಲ, ಅದು ಆಳ ನೀರಿನದು. ನಮ್ಮ ಕರಾವಳಿಯಲ್ಲಿ ಕಡಲ ತಳ ಬಹಳ ದೂರದವರೆಗೆ ನಿಧಾನವಾಗಿ ಇಳಿಯುತ್ತದೆ. ನಾಡದೋಣಿಯಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಲೆಕ್ಕದಲ್ಲಿ ಅದರ ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೆ ಹತ್ತು ದಿನ ಕಡಲಲ್ಲೇ ಇರುವ ಆಳಸಮುದ್ರದ ಬೋಟು ಬೇಕು.

ಈಗ ಐಸು. ನಮ್ಮಲ್ಲಿ ಲೆಕ್ಕ ಸುಲಭ. ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸು. ಮೂವತ್ತು ಕೆಜಿ ಹಿಡಿಯುವ ಆಸೆ ಇದ್ದರೆ ಮೂವತ್ತು ಕೆಜಿ ಐಸು ಹತ್ತಿಸಿಕೊಂಡೇ ಹೊರಡಬೇಕು. ಹತ್ತು ಕೆಜಿ ಐಸು ಇದ್ದರೆ ಹತ್ತು ಕೆಜಿ ಮೀನಿಗೆ ಗಾಳ ಎತ್ತಿಡಬೇಕು. ತಾಂಡೇಲರು "ಸಾಕು" ಅಂದಿದ್ದು ಅದಕ್ಕೇ.

ಮೀನು ಬೋಟಿಗೆ ಬಂದ ಕೂಡಲೇ ಕಿವಿರು ಕೊಯ್ದು ರಕ್ತ ಬಿಡಿಸಿ. ಎದೆ ಇನ್ನೂ ಬಡಿಯುತ್ತಿರುವಾಗಲೇ ಮಾಡಬೇಕು, ಆಗ ಅದೇ ರಕ್ತ ಹೊರಗೆ ತಳ್ಳುತ್ತದೆ. ತಲೆ ಕೆಳಗೆ ಮಾಡಿ ಬಕೆಟ್ ಕಡಲ ನೀರಿನಲ್ಲಿ ಐದು ನಿಮಿಷ ಇಡಿ. ಆಮೇಲೆ ಹೊಟ್ಟೆ ಸೀಳಿ ಕರುಳು ತೆಗೆಯಿರಿ. ಆಮೇಲೆ ಐಸಿಗೆ. ಬರೀ ಐಸಿನ ಮೇಲೆ ಮಲಗಿಸಿದರೆ ಒಂದೇ ಮಗ್ಗುಲು ತಣ್ಣಗಾಗುತ್ತದೆ. ಪುಡಿ ಐಸಿಗೆ ಸ್ವಲ್ಪ ಕಡಲ ನೀರು ಸೇರಿಸಿ ಗಂಜಿ ಹಾಗೆ ಮಾಡಿ ಅದರಲ್ಲಿ ಪೂರ್ತಿ ಮುಳುಗಿಸಿ. ಬಹಳ ಬೇಗ ತಣಿಯುತ್ತದೆ.

ನೀವು ಮೈ ಬೆಚ್ಚಗಿತ್ತು ಅಂದಿರಲ್ಲ, ಅದು ನಿಜ. ಕೇದರಕ್ಕೆ ಮೈಯೊಳಗೇ ಒಲೆ ಇದ್ದ ಹಾಗೆ. ನಿಲ್ಲದೆ ಈಜುವ ಮೀನು, ಈಜಿ ಹುಟ್ಟಿದ ಕಾವನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಸುತ್ತಲಿನ ನೀರಿಗಿಂತ ಬಿಸಿ. ಗಾಳಕ್ಕೆ ಸಿಕ್ಕಿ ಹೋರಾಡಿದ ಮೇಲೆ ಇನ್ನೂ ಬಿಸಿ. ಬೇರೆ ಮೀನಿಗಿಂತ ಬೇಗ ಕೆಡೋದು ಅದಕ್ಕೇ.

ಹೊಸದುರ್ಗದ ಡಾಕ್ಟ್ರು

ನಿಮ್ಮ ಗೆಳೆಯರಿಗೆ ಆಗಿದ್ದು ಅಲರ್ಜಿ ಅಲ್ಲ. ನೋಡಲು ಅಲರ್ಜಿ ಹಾಗೇ ಇರುತ್ತದೆ, ಆದ್ದರಿಂದ ಎಷ್ಟೋ ಜನ "ನನಗೆ ಮೀನು ಆಗಿಬರಲ್ಲ" ಅಂತ ಜೀವಮಾನ ಪೂರ್ತಿ ಬಿಟ್ಟುಬಿಡುತ್ತಾರೆ. ಇದಕ್ಕೆ ಹಿಸ್ಟಮಿನ್ ವಿಷ ಅಂತ ಹೇಳುತ್ತೇವೆ.

ಟ್ಯೂನದಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನೋದು ಜಾಸ್ತಿ. ಮೀನು ಸತ್ತ ಮೇಲೆ ಬಿಸಿಯಲ್ಲಿ ಬಿದ್ದಿದ್ದರೆ ಕಿವಿರು, ಕರುಳಿನ ಬ್ಯಾಕ್ಟೀರಿಯಾ ಬೆಳೆದು ಅದನ್ನು ಹಿಸ್ಟಮಿನ್ ಮಾಡುತ್ತವೆ. ನಮ್ಮ ಮೈಯಲ್ಲಿ ಅಲರ್ಜಿ ಆದಾಗ ಹೊರಬರುವುದೂ ಇದೇ ಹಿಸ್ಟಮಿನ್. ಮೀನಿನ ಜೊತೆ ಅದನ್ನು ನೇರ ತಿಂದ ಹಾಗಾಗುತ್ತದೆ. ಮುಖ ಕೆಂಪಾಗೋದು, ತಲೆನೋವು, ಎದೆ ಬಡಿತ, ಕೆಲವರಿಗೆ ತುರಿಕೆ, ಭೇದಿ.

ಇದರಲ್ಲಿ ಎಲ್ಲರೂ ತಿಳಿಯಬೇಕಾದ್ದು ಒಂದು. ಒಮ್ಮೆ ಹಿಸ್ಟಮಿನ್ ಆದಮೇಲೆ ಅದು ಹೋಗುವುದಿಲ್ಲ. ಕುದಿಸಿ, ಹುರಿಯಿರಿ, ಫ್ರಿಜ್ಜಿನಲ್ಲಿಡಿ, ಆಮೇಲೆ ಎಷ್ಟು ಐಸ್ ಬೇಕಾದರೂ ಹಾಕಿ, ಇದ್ದದ್ದು ಇದ್ದೇ ಇರುತ್ತದೆ. ನೀವು ದಕ್ಕೆಯಲ್ಲಿ ಐಸ್ ತುಂಬಿಸಿದ್ದು ಅದಕ್ಕೇ ಉಪಯೋಗಕ್ಕೆ ಬರಲಿಲ್ಲ. ವಾಸನೆ, ಬಣ್ಣ ನೋಡಿಯೂ ಹೇಳಲಾಗದು. ಕೆಲವು ಸಲ ಬಾಯಲ್ಲಿ ಮೆಣಸು ಕಚ್ಚಿದ ಹಾಗೆ ಚುರುಚುರು ಅನ್ನುತ್ತದೆ. ಹಾಗೆ ಅನಿಸಿದರೆ ತುತ್ತು ಅಲ್ಲೇ ಉಗುಳಿ. ಮೀನನ್ನು ಹಿಡಿದ ಗಳಿಗೆಯಿಂದ 4 ಡಿಗ್ರಿ ಒಳಗೆ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಬಂಗುಡೆ, ಭೂತಾಯಿಯಲ್ಲೂ ಇದು ಆಗುತ್ತದೆ. ಹಾಗಾಗಿ ಈ ಮಾತು ಕಡಲಿಗೆ ಹೋಗುವವರಿಗೆ ಮಾತ್ರ ಅಲ್ಲ. ನಮ್ಮ ಚಿತ್ರದುರ್ಗ, ದಾವಣಗೆರೆ ಮಾರ್ಕೆಟ್ಟಿನಲ್ಲಿ ಐಸ್ ಇಲ್ಲದ ಬುಟ್ಟಿಯಲ್ಲಿ ಮಧ್ಯಾಹ್ನದವರೆಗೆ ಇಟ್ಟ ಬಂಗುಡೆ ಕಡಿಮೆ ದುಡ್ಡಿಗೆ ಸಿಗುತ್ತದೆ ಅಂತ ತರಬೇಡಿ. ವಯಸ್ಸಾದವರು, ಉಬ್ಬಸ ಇದ್ದವರು, ಹೃದಯದ ತೊಂದರೆ ಇದ್ದವರಿಗೆ ಇದು ಜೋರಾಗಬಹುದು. ಆ ಅಮ್ಮನನ್ನು ತಡಮಾಡದೆ ಕರೆದೊಯ್ದಿರಿ, ಒಳ್ಳೆಯದು ಮಾಡಿದಿರಿ.

ಶಾಂತಿಸಾಗರ ಹುಡುಗ, ಚನ್ನಗಿರಿ

ಅಣ್ಣಾ, ರೀಲು ಯಾವುದಿತ್ತು? ನಾವೂ ಮೂರು ಜನ ಹೋಗಬೇಕು ಅಂತಿದ್ದೇವೆ. ಕೆರೆಗೆ ತಗೊಂಡ ರಾಡೇ ಸಾಕಾಗುತ್ತಾ? ಇನ್ನೊಂದು, ಟ್ರೋಲಿಂಗ್ ಅಂತಾರಲ್ಲ, ಅದು ಟ್ರಾಲ್ ಬೋಟಿನವರು ಮಾಡೋದೇನಾ?

ಗಾಳದ ಗೆಳೆಯ, ದಾವಣಗೆರೆ

ತಮ್ಮಾ, ಸಾಕಾಗಲ್ಲ. ನನ್ನದು 3000 ಸೈಜಿನ ರೀಲು, ಮಾಮೂಲಿ ನೈಲಾನ್ ದಾರ. ಬುಡದವರೆಗೆ ಖಾಲಿಯಾಗಿದ್ದು ಅದೇ. ಮೇಷ್ಟ್ರು 6000 ಸೈಜಿನದು ಎರವಲು ತಂದಿದ್ದರು, 40 ಪೌಂಡಿನ ಹೆಣೆದ ದಾರ, 250 ಮೀಟರ್. ಅದು ತಡೆಯಿತು. ತುದಿಗೆ ಒಂದು ಮಾರುದ್ದ ಫ್ಲೋರೋಕಾರ್ಬನ್ ದಾರ, ನೀರಿನಲ್ಲಿ ಅಷ್ಟಾಗಿ ಕಾಣದ್ದು, ಕಟ್ಟಲೇಬೇಕು. ಕೇದರದ ಕಣ್ಣು ಬಹಳ ಚುರುಕು, ದಪ್ಪ ದಾರ ಕಂಡರೆ ತಿರುಗಿ ಹೋಗುತ್ತದೆ. ಗಾಳಕ್ಕೆ 40 ಗ್ರಾಮಿನ ಉದ್ದನೆ ಲೋಹದ ಜಿಗ್, ಅಂದರೆ ಮೀನಿನ ಹಾಗೆ ಕಾಣುವ ನಕಲಿ ಎರೆ. ಅವು ಆ ಹೊತ್ತಿಗೆ ತಿನ್ನುತ್ತಿದ್ದ ಮೀನಿನಷ್ಟೇ ಉದ್ದ ಇರಬೇಕು. ಗ್ಯಾರೇಜಿನ ಗೆಳೆಯ ದೊಡ್ಡದು ಹಾಕಿದ, ಒಂದೂ ಮುಟ್ಟಲಿಲ್ಲ. ಚಿಕ್ಕದಕ್ಕೆ ಬದಲಾಯಿಸಿದ ಮೊದಲ ಎಸೆತಕ್ಕೇ ಹಿಡಿಯಿತು.

ಡ್ರ್ಯಾಗ್, ಅಂದರೆ ದಾರ ಹೋಗುವುದನ್ನು ತಡೆಯುವ ರೀಲಿನ ಬ್ರೇಕು, ಪೂರ್ತಿ ಬಿಗಿ ಮಾಡಬೇಡ. ಮೊದಲ ಓಟಕ್ಕೆ ಬಿಡು, ಅದು ನಿಂತಾಗ ಸುತ್ತು. ಮನೆಗೆ ಬಂದ ರಾತ್ರಿಯೇ ರೀಲನ್ನು ಸಿಹಿನೀರಿನಲ್ಲಿ ತೊಳೆ. ನಾನು ಆಸ್ಪತ್ರೆ ಗಡಿಬಿಡಿಯಲ್ಲಿ ಮೂರು ದಿನ ಬಿಟ್ಟೆ, ಹ್ಯಾಂಡಲ್ ತುಕ್ಕು ಹಿಡಿದು ಕಚ್ಚಿಕೊಂಡಿದೆ.

ಟ್ರೋಲಿಂಗ್ ಬೇರೆ, ಟ್ರಾಲ್ ಬೇರೆ. ಟ್ರಾಲ್ ಅಂದರೆ ತಳದಲ್ಲಿ ದೊಡ್ಡ ಬಲೆ ಎಳೆಯೋದು. ಟ್ರೋಲಿಂಗ್ ಅಂದರೆ ಬೋಟು ನಿಧಾನಕ್ಕೆ ಓಡುತ್ತಿರುವಾಗ ಹಿಂದೆ ಗಾಳದ ದಾರ ಬಿಟ್ಟು ಎಳೆದುಕೊಂಡು ಹೋಗೋದು. ಗುಂಪು ಕಾಣದಿದ್ದಾಗ ನಾವೂ ಒಂದು ಗಂಟೆ ಹಾಗೆ ಮಾಡಿದೆವು, ಒಂದು ಅಂಜಲ್ ಸಿಕ್ಕಿತು.

ಚಳ್ಳಕೆರೆ ಮಾಜಿ ನಾವಿಕ

ಇಪ್ಪತ್ತು ವರ್ಷ ಕಡಲ ನೌಕರಿ ಮಾಡಿ ಈಗ ಊರಲ್ಲಿ ಶೇಂಗಾ ಬೆಳೆಯುತ್ತಿದ್ದೇನೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು ಅನಿಸಿತು. ಅಲ್ಲಿನವರು ಟ್ಯೂನ ಹಿಡಿಯೋದು ಬಲೆಯಲ್ಲಲ್ಲ, ಕೋಲಿನಲ್ಲಿ. ಒಂದು ಕೋಲು, ಒಂದು ದಾರ, ಒಂದು ಗಾಳ.

ಬೆಳಿಗ್ಗೆ ಮೊದಲು ಒಳಗಿನ ತಿಳಿನೀರಿನಲ್ಲಿ ಸಣ್ಣ ಮೀನು ಹಿಡಿದು, ಬೋಟಿನಲ್ಲೇ ಇರುವ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಆಮೇಲೆ ಹೊರಗಿನ ಕಡಲಿಗೆ. ಸ್ಕಿಪ್‌ಜಾಕ್ ಗುಂಪು ಕಂಡರೆ ಆ ಸಣ್ಣ ಮೀನುಗಳನ್ನು ಹಿಡಿ ಹಿಡಿ ಎರಚುತ್ತಾರೆ. ಜೊತೆಗೆ ನೀರನ್ನು ಮಳೆ ಹನಿ ಹಾಗೆ ಚಿಮ್ಮಿಸುತ್ತಾರೆ. ಟ್ಯೂನಕ್ಕೆ ಸಣ್ಣ ಮೀನು ರಾಶಿಯಾಗಿ ಚಿಮ್ಮುತ್ತಿವೆ ಅನಿಸುತ್ತದೆ, ಹುಚ್ಚೆದ್ದು ಬರುತ್ತವೆ. ಹಿಂಭಾಗದಲ್ಲಿ ಸಾಲಾಗಿ ನಿಂತ ಗಂಡಸರು ಕೋಲು ಬೀಸುತ್ತಾರೆ, ಎತ್ತುತ್ತಾರೆ, ಮೀನು ತಲೆ ಮೇಲಿಂದ ಹಾರಿ ಹಿಂದೆ ಬೀಳುತ್ತದೆ. ಗಾಳಕ್ಕೆ ಮೀನು ಜಾರದ ಹಾಗೆ ತಡೆಯುವ ಹಿಮ್ಮುಳ್ಳು ಇರುವುದಿಲ್ಲ, ಮೀನು ತಾನಾಗೇ ಕಳಚಿಕೊಳ್ಳುತ್ತದೆ. ಕೈಯಲ್ಲಿ ಬಿಡಿಸುವ ಕೆಲಸವೇ ಇಲ್ಲ. ಆಮೆ, ಡಾಲ್ಫಿನ್ ಸಿಕ್ಕಿಹಾಕಿಕೊಳ್ಳುವ ಭಯವೂ ಇಲ್ಲ. ನಿಮ್ಮ ತಾಂಡೇಲರು ಆಮೆ ಬಿಡಿಸಿದ್ದು ಓದಿ ನನಗೆ ಅವರೆಲ್ಲ ನೆನಪಾದರು.

ಮೀನನ್ನು ಕುದಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿ ಮಾಸ್ ಅನ್ನುವ ಒಣಮೀನು ಮಾಡುತ್ತಾರೆ. ಕೊಬ್ಬರಿ ಗಿಟಕು ಹಾಗೆ ಗಟ್ಟಿ. ತಿಂಗಳುಗಟ್ಟಲೆ ಇರುತ್ತದೆ. ಐಸ್ ಇಲ್ಲದ ಕಾಲದಲ್ಲಿ ಕಡಲ ನಡುವಿನ ಜನ ಇದೇ ಮೀನನ್ನು ಕೆಡದ ಹಾಗೆ ಇಟ್ಟುಕೊಂಡ ದಾರಿ ಅದು. ಅದರಲ್ಲೂ ಗುಟ್ಟು ಒಂದೇ. ದಡಕ್ಕೆ ಬಂದ ದಿನವೇ ಕುದಿಸುತ್ತಾರೆ, ನಾಳೆಗೆ ಅಂತ ಇಡುವುದಿಲ್ಲ.

ಒಂದು ಸಲಹೆ. ಸಾಕಾದಷ್ಟು ಸಿಕ್ಕ ಮೇಲೂ ಗಾಳ ಹಾಕುವ ಆಸೆ ಇದ್ದರೆ ಗಾಳದ ಹಿಮ್ಮುಳ್ಳು ಚಪ್ಪಟೆ ಮಾಡಿಕೊಳ್ಳಿ, ಹಿಡಿದದ್ದನ್ನು ಬಿಡಿ. ಆದರೆ ಕೇದರವನ್ನು ಫೋಟೋಗೆ ಅಂತ ಹಿಡಿದುಕೊಂಡು ನಿಲ್ಲಬೇಡಿ. ಅದು ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು ಹೋಗುತ್ತದೆ, ನಿಂತರೆ ಉಸಿರು ಕಟ್ಟುತ್ತದೆ. ತಲೆ ಮುಂದೆ ಮಾಡಿ ಈಟಿ ಎಸೆದ ಹಾಗೆ ನೀರಿಗೆ ಬಿಡಿ. ಆ ರಭಸಕ್ಕೆ ಕಿವಿರಿಗೆ ನೀರು ನುಗ್ಗಿ ಓಡುತ್ತದೆ.

ದುರ್ಗದ ಅಡುಗೆಮನೆ

ಐಸಿನಲ್ಲಿಟ್ಟ ಆ ನಾಲ್ಕು ಮೀನು ಏನು ಮಾಡಿದಿರಿ, ಅದನ್ನು ಯಾರೂ ಹೇಳಲೇ ಇಲ್ಲ. ನಮ್ಮ ಮನೆಯಲ್ಲಿ ಒಮ್ಮೆ ತಂದಿದ್ದೆ. ಮಾಂಸ ಕುರಿ ಮಾಂಸದ ಹಾಗೆ ಕೆಂಪಗಿತ್ತು, ಮಕ್ಕಳು ಮುಟ್ಟಲಿಲ್ಲ.

ಮಲ್ಪೆ ಮನೆ, ದಾವಣಗೆರೆ ಕೆಲಸ

ಅಕ್ಕಾ, ನಡುವೆ ಕಡು ಕೆಂಪು ಪಟ್ಟಿ ಇರುತ್ತದೆ ನೋಡಿ, ಬಹುತೇಕ ಕಪ್ಪು. ಅದನ್ನು ಚಾಕುವಿನಲ್ಲಿ ತೆಗೆದುಬಿಡಿ, ರುಚಿ ಅರ್ಧ ಅಲ್ಲೇ ಸುಧಾರಿಸುತ್ತದೆ. ನಮ್ಮಲ್ಲಿ ಕೇದರಕ್ಕೆ ಪುಳಿಮುಂಚಿಯೇ ಸರಿ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಸ್ವಲ್ಪ ಜೀರಿಗೆ, ಮೆಂತ್ಯ ಹುರಿದು, ಬೆಳ್ಳುಳ್ಳಿ, ಹುಣಸೆ ಹಾಕಿ ನುಣ್ಣಗೆ ರುಬ್ಬಿ. ಮಸಾಲೆ ಚೆನ್ನಾಗಿ ಕುದ್ದ ಮೇಲೆ ಮೀನು ಹಾಕಿ, ಆರೇಳು ನಿಮಿಷ ಸಾಕು. ಜಾಸ್ತಿ ಬೇಯಿಸಿದರೆ ಮರದ ಹೊಟ್ಟಿನ ಹಾಗೆ ಒಣಗುತ್ತದೆ. ಹುಳಿ ಮುಂದಿರಬೇಕು. ನಮ್ಮಲ್ಲಿ ಕುಚ್ಚಲಕ್ಕಿ ಅನ್ನಕ್ಕೆ. ಆದರೆ ದಾವಣಗೆರೆಗೆ ಬಂದ ಮೇಲೆ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಈಗ ಮನೆಗೆ ಹೋದಾಗಲೂ ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ.

ಗಾಳದ ಗೆಳೆಯ, ದಾವಣಗೆರೆ

ಅಕ್ಕಾ, ಒಂದು ತಾಂಡೇಲರಿಗೆ ಕೊಟ್ಟೆವು. ಒಂದು ಮೇಷ್ಟ್ರ ಮನೆಗೆ, ಎರಡು ನಮ್ಮ ಕೇರಿಯಲ್ಲಿ ಹಂಚಿದೆವು. ಅದನ್ನು ತಿಂದವರಿಗೆ ಯಾರಿಗೂ ಏನೂ ಆಗಲಿಲ್ಲ. ಅದೇ ಬೋಟು, ಅದೇ ಗುಂಪು, ಅದೇ ದಿನ. ಐಸು ಒಂದೇ ವ್ಯತ್ಯಾಸ.

ಹರಿಹರದ ತಾಯಿ

ನಮ್ಮ ಮಗ ಕಾಲೇಜು ಗೆಳೆಯರ ಜೊತೆ ಹೀಗೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಈಜು ಬರುತ್ತದೆ, ತುಂಗಭದ್ರೆಯಲ್ಲಿ ಕಲಿತದ್ದು. ಅಷ್ಟು ಧೈರ್ಯ ಸಾಕೇನ್ರಿ?

ಚಳ್ಳಕೆರೆ ಮಾಜಿ ನಾವಿಕ

ಸಾಲದು ತಾಯಿ. ಹೊಳೆಯಲ್ಲಿ ಈಜಿದರೆ ದಡ ಕಾಣುತ್ತದೆ. 25 ಕಿಲೋಮೀಟರ್ ಆಚೆ ಬಿದ್ದವನಿಗೆ ಈಜು ದಡ ಮುಟ್ಟಿಸುವುದಿಲ್ಲ, ಜಾಕೆಟ್ಟು ಮಾತ್ರ ತೇಲಿಸಿ ಇಡುತ್ತದೆ. ತಲೆಗೊಂದು ಜಾಕೆಟ್ ಇಲ್ಲದ ಬೋಟು ಹತ್ತಬಾರದು. ಮುಂಗಡ ಕೊಟ್ಟಿದ್ದರೂ ಸರಿ, ವಾಪಸ್ ಬರಬೇಕು. ನಾಲ್ಕು ಜನಕ್ಕೆ ಎರಡು ಜಾಕೆಟ್ ನೋಡಿಯೂ ಹೊರಟದ್ದು ಐಸಿಗಿಂತ ದೊಡ್ಡ ತಪ್ಪು, ಈ ಹುಡುಗರಿಗೂ ಅದನ್ನೇ ಹೇಳುತ್ತೇನೆ.

ಹೊರಡುವ ಮುಂಚೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆ, ಗಾಳಿಯ ಮುನ್ಸೂಚನೆ ನೋಡಲಿ. ಮೀನು ಸಿಗಬಹುದಾದ ಜಾಗದ ಸೂಚನೆಯನ್ನೂ ಅವರೇ ಕೊಡುತ್ತಾರೆ. ಕರಾವಳಿ ಕಾವಲು ಪಡೆಯ ತುರ್ತು ನಂಬರು 1554, ಪ್ರತಿಯೊಬ್ಬನ ಫೋನಿನಲ್ಲೂ ಇರಲಿ. ಆದರೆ ಒಳಗೆ ಹೋದ ಮೇಲೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಬೋಟಿನಲ್ಲಿ ವೈರ್‌ಲೆಸ್ ಇದೆಯಾ ಕೇಳಲಿ. ಎಲ್ಲಿಂದ ಹೊರಟೆವು, ಎಷ್ಟು ಗಂಟೆಗೆ ವಾಪಸ್ ಅಂತ ಚೀಟಿಯಲ್ಲಿ ಬರೆದು ನಿಮ್ಮ ಕೈಗೆ ಕೊಟ್ಟು ಹೋಗಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಯಾರಾದರೂ ಕದ್ದು ಕರೆದೊಯ್ಯುತ್ತೇನೆ ಅಂದರೆ ಹೋಗಬಾರದು. ಮಳೆಗಾಲದ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ದೊಡ್ಡ ಬೋಟನ್ನೇ ಮಗುಚುತ್ತದೆ.

ಹರಿಹರದ ತಾಯಿ

ಓದಿ ತೋರಿಸಿದೆ. ಜಾಕೆಟ್ ವಿಷಯಕ್ಕೆ ಒಪ್ಪಿದ್ದಾನೆ. ಚೀಟಿ ನಾನೇ ಬರೆಸುತ್ತೇನೆ.

ಶಾಂತಿಸಾಗರ ಹುಡುಗ, ಚನ್ನಗಿರಿ

ವಾಂತಿಗೆ ಏನು ಮಾಡಬೇಕು ಅಣ್ಣಾ? ನನಗೆ ಬಸ್ಸಿನಲ್ಲೇ ಆಗಲ್ಲ.

ಹೊಸದುರ್ಗದ ಡಾಕ್ಟ್ರು

ಮಾತ್ರೆ ಇದೆ. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ, ಮುಂಚೆಯೇ ನುಂಗಬೇಕು. ನಿನ್ನ ಡಾಕ್ಟರನ್ನು ಕೇಳಿ ತಗೋ, ಕೆಲವು ಮಾತ್ರೆಗೆ ನಿದ್ದೆ ಬರುತ್ತದೆ. ಬೋಟಿನ ನಡು ಅಥವಾ ಹಿಂಭಾಗದಲ್ಲಿ ಇರು, ಮುಂಭಾಗ ಜಾಸ್ತಿ ಕುಲುಕುತ್ತದೆ. ಫೋನು ನೋಡಬೇಡ. ಕಡಲು ಆಕಾಶ ಸೇರುವ ಗೆರೆ ನೋಡುತ್ತಿರು. ಖಾಲಿ ಹೊಟ್ಟೆಯಲ್ಲೂ ಬೇಡ, ಎಣ್ಣೆ ತಿಂಡಿಯೂ ಬೇಡ.

ಗಾಳದ ಗೆಳೆಯ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಗ್ಯಾರೇಜಿನ ಗೆಳೆಯನ ಅಮ್ಮನಿಗೆ ಇದನ್ನೆಲ್ಲ ಕೂತು ಓದಿ ಹೇಳಿದೆ. ಅಲರ್ಜಿ ಅಲ್ಲ ಅಂತ ಗೊತ್ತಾಗಿ ಅವರಿಗೆ ಸಮಾಧಾನ ಆಯಿತು. "ಮುಂದಿನ ಸಲ ಐಸಿನಲ್ಲಿಟ್ಟದ್ದು ತನ್ನಿ, ನಾನೇ ಮಾಡುತ್ತೇನೆ" ಅಂದರು.

ತಾಂಡೇಲರ ಜೊತೆ ಫೋನಿನಲ್ಲಿ ಮಾತಾಡಿದೆ. ನಡೆದದ್ದನ್ನು ಹೇಳಿದಾಗ ಅವರು ತುಂಬಾ ನೊಂದುಕೊಂಡರು. ಪ್ರವಾಸಿಗರನ್ನು ಕರೆದೊಯ್ಯಲು ಪರವಾನಗಿ ಇರುವ ಬೇರೆ ಬೋಟು ಅವರೇ ನೋಡಿಕೊಟ್ಟಿದ್ದಾರೆ, ನಡೆಸುವವರೂ ಅವರೇ. ನಾವು ನಾಲ್ಕು ಜಾಕೆಟ್ ಸ್ವಂತಕ್ಕೆ ಕೊಂಡೆವು. ಗ್ಯಾರೇಜಿನಲ್ಲಿ ಹಳೇ ಫ್ರಿಜ್ಜಿನ ಒಳಗೂಡು ತೆಗೆದು, ಸುತ್ತ ಥರ್ಮಾಕೋಲ್ ಕೂರಿಸಿ, ದೊಡ್ಡ ಐಸ್ ಪೆಟ್ಟಿಗೆ ಮಾಡಿದ್ದೇವೆ. ಮೊನ್ನೆ ಹತ್ತು ಕೆಜಿ ಐಸ್ ಹಾಕಿ ಬಿಸಿಲಿನಲ್ಲಿಟ್ಟು ನೋಡಿದೆವು. ಬೆಳಿಗ್ಗೆ ಆರಕ್ಕೆ ಹಾಕಿದ್ದು, ಸಂಜೆ ಆರಕ್ಕೆ ತೂಗಿದರೆ ಏಳೂವರೆ ಕೆಜಿ ಉಳಿದಿತ್ತು. ದಕ್ಕೆಯಲ್ಲಿ ನಲವತ್ತು ಕೆಜಿ ತುಂಬಿಸಿಕೊಳ್ಳುತ್ತೇವೆ. ಮೀನು ಎಂಟೇ, ಅದರ ಮೇಲೆ ಸಿಕ್ಕರೆ ಬಿಡೋದು. ಮೇಷ್ಟ್ರು ಎಣಿಸುತ್ತಾರೆ.

ಬಟ್ಟೆ ಅಂಗಡಿ ಗೆಳೆಯ ಈ ಸಲ ದಡದಲ್ಲೇ ಇರುತ್ತೇನೆ ಅಂದಿದ್ದಾನೆ. ಹಾಗಾಗಿ ಬೋಟಿನಲ್ಲಿ ಒಂದು ಜಾಗ ಖಾಲಿ ಇದೆ. ಚನ್ನಗಿರಿ ತಮ್ಮಾ, ಬರುವುದಾದರೆ ಬಾ, ರೀಲು ಮೇಷ್ಟ್ರು ಕೊಡುತ್ತಾರೆ. ಶನಿವಾರ ರಾತ್ರಿ ಒಂಬತ್ತಕ್ಕೆ ಗ್ಯಾರೇಜಿನ ಮುಂದೆ.